ಬೀಸುವ ಕಲ್ಲಿನ ಪಕ್ಕದ ನಿದ್ದೆ

ಮಂಡ್ಯ, ಫಾರಂ ಕ್ವಾರ್ಟರ್ಸ್
ಮಂಗಳವಾರ

ಅಣ್ಣನಿಗೆ ನಮಸ್ಕಾರ.

ಬೆಳಗಿನ ಜಾವ ನಾಲ್ಕಕ್ಕೆ ಕೆಲಸದ ಬೀರಮ್ಮ ರಾಗಿ ಬೀಸುವ ಸದ್ದಿಗೆ ಎಚ್ಚರವಾಯಿತು. ಎಂದಿನಂತೆ ಗಾಬರಿಯಿಂದ ಮಗುವಿನ ಮೂಗಿನ ಬಳಿ ಬೆರಳಿಟ್ಟು ನೋಡಿದೆ. “ಮಗ ಉಸ್ರಾಡ್ತಾ ಅದೆ, ಮೊದ್ಲು ನೀವು ಉಸ್ರಾಡಿ ಕಣ್ರವ್ವ! ಬನ್ನಿ, ಗೂಟ ಇಡ್ಕಳಿ” ಎಂದು ಅವಳು ನನ್ನನ್ನೂ ಕಲ್ಲಿನ ಮುಂದೆ ಕೂರಿಸಿದಳು. ನಗಬೇಡ, ಸೇರು ರಾಗಿ ಬೀಸುವಷ್ಟರಲ್ಲಿ ಎದೆಬಡಿತ ಇಳಿದು, ಅಲ್ಲೇ ಗೋಡೆಗೊರಗಿ ಬಿಸಿಲೇರುವವರೆಗೆ ನಿದ್ದೆ ಮಾಡಿದೆ. ನಾಲ್ಕು ದಿನದಿಂದ ಹೀಗೇ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಅಷ್ಟೆ.

ಆದರೆ ಮಗುವಿನ ಚಿಂತೆಯಲ್ಲಿ ಇಷ್ಟು ದಿನ ನಿದ್ದೆಗೆಟ್ಟಿದ್ದ ನನಗೆ ವಿಶ್ರಾಂತಿ ಬೇಕೆಂದು ಅತ್ತೆ ಶುಕ್ರವಾರ ಬೆಳಿಗ್ಗೆ ಮಗುವನ್ನು ಮದ್ದೂರಿಗೆ ಕರೆದೊಯ್ಯುತ್ತಾರಂತೆ. ಇವರೂ ಒಪ್ಪಿಬಿಟ್ಟಿದ್ದಾರೆ. ಈಗ ನಿದ್ದೆ ಬರುತ್ತಿದೆ ಎಂದರೆ ಯಾರೂ ನಂಬುತ್ತಿಲ್ಲ. ನಿನ್ನ ಮಾತಾದರೆ ಇವರು ಕೇಳುತ್ತಾರೆ. ದಮ್ಮಯ್ಯ ಅಣ್ಣ, ಶುಕ್ರವಾರ ಬೆಳಗಾಗುವುದರೊಳಗೆ ಇವರ ಫಾರಂ ಆಫೀಸಿಗೆ ಟೆಲಿಫೋನ್ ಮಾಡಿ, ಮಗು ನನ್ನ ಬಳಿಯೇ ಇರಲೆಂದು ಇವರಿಗೆ ಹೇಳು.

ಕನಕಲಕ್ಷ್ಮಿ