ಮುಕ್ಕಾಲರಲ್ಲಿ ಮೂರನೇ ಒಂದು ಕಳೆದರೆ

ತುರ್ವಿಹಾಳ
8 ಅಕ್ಟೋಬರ್ 2025

ಪ್ರೀತಿಯ ಭೀಮೇಶಣ್ಣಾ,

ನಿನ್ನ ಸೊಂಟದ ನೋವು ಹೇಗಿದೆ? ಲಿಂಗಸುಗೂರಿನಿಂದ ಮಸ್ಕಿಯ ಆಫೀಸಿಗೆ ಬೈಕು ಬಿಟ್ಟು ಬಸ್ಸಿನಲ್ಲಿ ಹೋಗುತ್ತಿದ್ದೀಯಾ? ಮಮತಾ ವೈನಿಯ ಕೆಮ್ಮು ಇಳಿಯಿತೇ? ಫೋನಿನಲ್ಲಿ ನೀನು ದನಿ ಏರಿಸಿದರೆ ನನಗೆ ಈಗಲೂ ಮಾತು ಹೊರಡುವುದಿಲ್ಲ, ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಅಮೂಲ್ಯಾ ಕ್ಷೇಮವಾಗಿದ್ದಾಳೆ.

ನಿನ್ನೆ ಬೆಳಿಗ್ಗೆ ಅವಳು ಕಾಣೆಯಾಗಿದ್ದಳು. ದಸರಾ ರಜೆಯಲ್ಲಿ ಮುಗಿಸಲೆಂದು ನೀನು ಕೊಟ್ಟು ಕಳಿಸಿದ ಆರನೇ ತರಗತಿಯ ಲೆಕ್ಕದ ಪುಸ್ತಕವೂ ಇರಲಿಲ್ಲ. "ಸಂಜಿಗೆ ಅಪ್ಪ ಫೋನ್ ಮಾಡಿ ಉತ್ತರ ಕೇಳ್ತಾನ ನೋಡವ್ವಾ" ಎಂದು ನಾನೇ ನೆನಪಿಸಿದ್ದೆ. ರೊಟ್ಟಿ ಬಡಿದು ಎದ್ದು ನೋಡಿದರೆ ಹುಡುಗಿ ಇಲ್ಲ. ಮನೆಯ ಹಿಂದೆಯೇ ಕಾಲುವೆ, ಈಗ ದಂಡೆಯ ಮಟ್ಟಕ್ಕೆ ನೀರು. ಅವಳಿಗೆ ಈಜು ಬಾರದು. ಹೆಸರು ಕೂಗುತ್ತ ತೂಬಿನವರೆಗೆ ಓಡಿದೆ. ಅಲ್ಲಿ ನೀರಿನಲ್ಲಿ ನೀಲಿಯದೇನೋ ಸಿಕ್ಕಿಕೊಂಡಿತ್ತು. ಅಣ್ಣಾ, ಅವಳ ಲಂಗವೂ ನೀಲಿ. ಕೋಲಿನಿಂದ ಎಳೆದು ನೋಡಿದರೆ ಅದು ಗೊಬ್ಬರದ ಚೀಲ.

ಅಷ್ಟರಲ್ಲಿ ಪಕ್ಕದ ಮನೆಯ ಗುಲ್ಷನ್‌ಬೀ ಕೂಗಿದರು: "ಸುಕನ್ಯಾ, ಇಲ್ಲಿ ಅದಾಳ ಬಾರವ್ವಾ! ನಮ್ಮ ನೆಲ್ಲಿನ ಚೀಲದ ಹಿಂದ ಕುಂತಾಳ!" ಭತ್ತದ ಚೀಲಗಳ ಹಿಂದೆ ಅಮೂಲ್ಯಾ ಪುಸ್ತಕವನ್ನು ಹೊಟ್ಟೆಗೆ ಒತ್ತಿಕೊಂಡು ಕುಳಿತಿದ್ದಳು. "ಅತ್ತಿ, ಒಂದ ಲೆಕ್ಕ ಬರವಲ್ದು. ಅಪ್ಪಗ ಹೇಳಬ್ಯಾಡ" ಎಂದಳು.

ಅಲ್ಲೇ ಕುಳಿತೆವು. ಮುಕ್ಕಾಲರಲ್ಲಿ ಮೂರನೇ ಒಂದು, ಅಂದರೆ 3/4ರಿಂದ 1/3 ಕಳೆಯಬೇಕಿತ್ತು. ಇಪ್ಪತ್ತು ವರ್ಷದಿಂದ ಲೆಕ್ಕ ಮುಟ್ಟದ ನಾನೇ ಪೆನ್ಸಿಲ್ ಹಿಡಿದೆ. ಮೇಲಿನದರಲ್ಲಿ ಮೇಲಿನದು, ಕೆಳಗಿನದರಲ್ಲಿ ಕೆಳಗಿನದು ಕಳೆದೆ; ಮೇಲೆ ಎರಡು, ಕೆಳಗೆ ಒಂದು ಉಳಿಯಿತು, ಉತ್ತರ ಎರಡು ಎಂದು ಬರೆದೆ. ಅವಳು ದಿಟ್ಟಿಸಿ ನೋಡಿ, "ಮುಕ್ಕಾಲು ರೊಟ್ಟ್ಯಾಗ ತಿಂದ ಮ್ಯಾಲ ಎರಡು ರೊಟ್ಟಿ ಹೆಂಗ ಉಳಿತಾವ ಅತ್ತಿ?" ಎಂದು ನಕ್ಕಳು. ಬಂದ ನಾಲ್ಕು ದಿನಕ್ಕೆ ಅದೇ ಮೊದಲ ನಗು. ಆಮೇಲೆ ಅವಳೇ, ನಾಲ್ಕಕ್ಕೂ ಮೂರಕ್ಕೂ ಹೊಂದುವಂತೆ ರೊಟ್ಟಿಯನ್ನು ಹನ್ನೆರಡು ತುಂಡು ಮಾಡೋಣ ಎಂದಳು. ಮುಕ್ಕಾಲೆಂದರೆ ಒಂಬತ್ತು ತುಂಡು. ಮೂರನೇ ಒಂದೆಂದರೆ ನಾಲ್ಕು. ಕಳೆದರೆ ಐದು, ಅಂದರೆ ಹನ್ನೆರಡರಲ್ಲಿ ಐದು ಭಾಗ. ಸರಿಯಾದ ಉತ್ತರ ಬರೆದ ಮೇಲೂ ಬಾಗಿಲ ಕಡೆ ನೋಡಿದಳು. ಸಂಜೆ ನಿನ್ನ ಫೋನು ಬಡಿದುಕೊಂಡಾಗ ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು, ಎತ್ತಲಿಲ್ಲ.

ವೈನಿಗೆ ನನ್ನ ನಮಸ್ಕಾರ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಸುಕನ್ಯಾ

ತಾ.ಕ.: ಬಳೆ ತೊಡಿಸುವಾಗ ಅವಳ ಮುಂಗೈ ನೋಡಿದೆ. ಕಟ್ಟಿಗೆ ಸ್ಕೇಲಿನ ಬಾಸುಂಡೆ ಹೇಗಿರುತ್ತದೆಂದು ನನಗೆ ಯಾರೂ ಹೇಳಬೇಕಿಲ್ಲ, ನನಗೂ ಲೆಕ್ಕ ಕಲಿಸಿದವನು ನೀನೇ. ಇನ್ನು ಅವಳ ಮೇಲೆ ಕೈ ಎತ್ತುವುದಿಲ್ಲವೆಂದು ಬರೆದು ಕಳಿಸು. ಅಲ್ಲಿಯವರೆಗೆ ಹುಡುಗಿ ನನ್ನ ಹತ್ತಿರವೇ ಇರುತ್ತಾಳೆ.