ಹೊಲಿದು ಮುಚ್ಚಿದ ಕತ್ತರಿ

ಅಮ್ಮಾ,

ನೀನು ತೀರಿಕೊಂಡು ಏಳು ತಿಂಗಳಾದರೂ ನಿನ್ನ ಕಾಟ ತಪ್ಪಿಲ್ಲ. ಇವತ್ತು ನಿನ್ನ ಹೊಲಿಗೆ ಪೆಟ್ಟಿಗೆ ಖಾಲಿ ಮಾಡಲು ಕೂತೆ. ಒಂದಾದರೂ ಸಾಮಾನು ನೆಟ್ಟಗೆ ಕೈಗೆ ಸಿಗಬೇಕಲ್ಲ! ಹೊಲಿಗೆ ಬಿಚ್ಚುವ ಕೊಕ್ಕೆಗೆ ಪೆನ್ನಿನ ಟೋಪಿ. ಸೂಜಿಗಳೆಲ್ಲ ಸೋಪಿನ ತುಂಡಿನಲ್ಲಿ. ರವಿಕೆ ಬಟ್ಟೆಗೆ ಕಂಕುಳ ಗುರುತು ಹಾಕುವ ಬಾಗಿದ ಅಳತೆಪಟ್ಟಿಗೆ ಹಳೇ ಪ್ಯಾಂಟಿನ ಕಾಲಿನಿಂದ ಹೊಲಿದ ಚೀಲ, ಅದಕ್ಕೆ ಮೂರು ಗುಂಡಿ ಬೇರೆ.

ತಳದಲ್ಲಿ ಜೀನ್ಸ್ ಬಟ್ಟೆಯ ಒಂದು ಗಂಟಿತ್ತು. ಮುಟ್ಟಿದರೆ ಒಳಗೆ ಕತ್ತರಿ. ಗಂಟಿನ ಬಾಯಿಗೆ ಇರುವೆಯೂ ನುಗ್ಗದಷ್ಟು ಒತ್ತಾದ ಹೊಲಿಗೆ. ಬಿಚ್ಚಲು ಹೋಗಿ ಕೊಕ್ಕೆಯ ಮೊನೆಯೇ ಮುರಿಯಿತು.

"ಕತ್ತರಿ ತೆಗೆಯೋಕೆ ಇನ್ನೊಂದು ಕತ್ತರಿ ಬೇಕಲ್ಲಪ್ಪಾ! ಎಂಥಾ ಹೆಂಗಸು ನಿಮ್ಮ ಹೆಂಡತಿ?" ಎಂದು ಅಪ್ಪನ ಮೇಲೆ ರೇಗಿದೆ.

"ನೀನು ಮನೆ ಬಿಟ್ಟು ಹೋದ ವಾರ ತಂದಿದ್ದು ಅದು," ಅಂದರು ಅಪ್ಪ. "ವರ್ಷಕ್ಕೊಂದ್ಸಲ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಹೊಲಿದಿಡ್ತಿದ್ಳು. ನನಗೆ ಮುಟ್ಟೋಕೂ ಬಿಡ್ತಿರಲಿಲ್ಲ."

ಅಡುಗೆಮನೆಯ ಚಾಕುವಿನಿಂದ ಕುಯ್ದು ತೆಗೆದೆ. ಅಪ್ಪ ಬಲಗೈಯಲ್ಲಿ ಹಿಡಿದು ನೋಡಿದರು. ಚಿಂದಿ ಬಟ್ಟೆ ಮಡಚಿಕೊಂಡಿತೇ ಹೊರತು ಕತ್ತರಿಸಲಿಲ್ಲ. ನಾನು ಎಡಗೈಯಲ್ಲಿ ಹಿಡಿದೆ. ಸರ್ರನೆ ಹೋಯಿತು. ಎಡಚರ ಕತ್ತರಿ!

ಎಡಗೈಯಲ್ಲಿ ಬಟ್ಟೆ ಕತ್ತರಿಸಿದ್ದಕ್ಕೆ ಅಳತೆಕೋಲಿನಿಂದ ಬಾರಿಸಿದವಳು ನೀನೇ ತಾನೆ? ಆ ಜಗಳದಲ್ಲೇ ಅಲ್ಲವೇ ನಾನು ಹೊಲಿಗೆಯನ್ನೂ ಮನೆಯನ್ನೂ ಬಿಟ್ಟದ್ದು? ಹನ್ನೊಂದು ವರ್ಷ ಎಣ್ಣೆ ಹಚ್ಚುತ್ತ ಕೂರುವ ಬದಲು ಒಂದು ಫೋನ್ ಮಾಡಲು ಏನಾಗಿತ್ತು ನಿನಗೆ? ನನ್ನ ನಂಬರು ನಿನ್ನ ಹತ್ತಿರ ಇತ್ತು.

ನಿನ್ನದು ನನ್ನ ಹತ್ತಿರವೂ ಇತ್ತು, ಸರಿ.