ಬೋಗಾದಿ ಮನೆಯ ಬೆಲೆ

೧೩-೮-೯೮, ಗುರುವಾರ

ಬೋಗಾದಿ ಮನೆ ಮಾರುವ ಮಾತು ಇವತ್ತು ಮುಗಿಯಿತು. ಕಂಟ್ರಾಕ್ಟರ್ ಚಿಕ್ಕಣ್ಣ ಆರು ಲಕ್ಷ ಕೊಡುತ್ತೇನೆಂದ. ಆದರೆ ಸ್ಟಾಂಪಿನ ಖರ್ಚು ಉಳಿಸಲು ಕ್ರಯಪತ್ರದಲ್ಲಿ ಎರಡೇ ಲಕ್ಷ ಎಂದು ಬರೆಸಬೇಕಂತೆ. "ಎಲ್ರೂ ಇಂಗೇ ಮಾಡದು ಬುಡಿ ಅಮ್ಮಾವ್ರೇ, ಬರೀ ಕಾಗದದ ಮೇಲೆ ತಾನೇ?" ಎಂದ.

"ನಮ್ಮ ಯಜಮಾನರು ಕಟ್ಟಿಸಿದ್ದು ಎರಡು ಲಕ್ಷದ ಮನೆ ಅಂತ ನಾನು ರುಜು ಹಾಕಲ್ಲ. ಕಾಫಿ ಕುಡಿದು ಹೊರಡಿ" ಎಂದೆ.

ಮನೆ ಕೇಳಿದ್ದ ಇನ್ನೊಬ್ಬರು ಮೇಷ್ಟ್ರು ಚಂದ್ರಮೌಳಿ, ಬ್ಯಾಂಕ್ ಸಾಲದಲ್ಲಿ ಕೊಳ್ಳುವವರು. ಐದೇ ಲಕ್ಷ, ಆದರೆ ಐದನ್ನೂ ಬರೆಸುತ್ತಾರೆ. ಅವರಿಗೇ ಮಾತು ಕೊಟ್ಟುಬಿಟ್ಟೆ.

ಮಗ ಅಮರೇಶನಿಗೆ ಊಟ ಸೇರಲಿಲ್ಲ. ಇನ್ನೊಂದು ಲಕ್ಷ ಬಂದಿದ್ದರೆ ಅಂಗಡಿ ದೊಡ್ಡದು ಮಾಡುತ್ತಿದ್ದ. "ಇದು ಧರ್ಮ ಅಲ್ಲ ಕಣಮ್ಮ, ನಿನ್ನ ಜಂಬ" ಎಂದ. ಸೊಸೆ ಸಾರು ಬಡಿಸುವ ನೆಪದಲ್ಲಿ ನಗು ನುಂಗಿದಳು.

ಧರ್ಮ ಅಂತ ನಾನೆಲ್ಲಿ ಹೇಳಿದೆ? ಜಂಬವೇ. ಆ ಗೋಡೆಗಳಿಗೆ ನೀರು ಹಾಕಲು ಅವರು ದಿನಾ ಬೆಳಗಿನ ಐದಕ್ಕೇ ಸೈಕಲ್ ತುಳಿದು ಹೋಗುತ್ತಿದ್ದರು. ನಾನು ಕಂಡಿದ್ದೇನೆ, ಅಮರೇಶ ಕಂಡಿಲ್ಲ. ಒಂದು ಲಕ್ಷ ಹೋದರೆ ಹೋಗಲಿ. ಇಂಥ ಜಂಬಕ್ಕೆ ಅದೇನೂ ದುಬಾರಿಯಲ್ಲ.